ಕಾಜಮ್ಮ ಮುಂಗಡ ವಾಪಸು ತಂದದ್ದು

ಅಂಗಿಗೆ ಗುಂಡಿ ಹೊಲಿಯುವುದು ಯಾರಿಗಾದರೂ ಬರುತ್ತದೆ. ಗುಂಡಿ ತೂರುವ ಕಂಡಿ ಇದೆಯಲ್ಲ, ಕಾಜಾ, ಅದನ್ನು ಕೈಯಲ್ಲಿ ಹೊಲಿಯುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಪುಟ್ಟ ಉಳಿಯಿಟ್ಟು ಬಟ್ಟೆ ಸೀಳಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಒಂದೆಳೆ ಆಚೆ ಹೋಯಿತೋ, ಗಿರಾಕಿ ಆಸೆಪಟ್ಟು ಹೊಲಿಸಿದ ಕೋಟು ಕೆಟ್ಟಿತೆಂದೇ ಅರ್ಥ. ಮೆಷಿನ್ನು ಬಂದು ಎಷ್ಟೋ ವರ್ಷವಾಗಿದ್ದರೂ ಆ ಪೇಟೆಯ ಏಳು ಟೈಲರ್ ಅಂಗಡಿಗಳ ಕೋಟುಗಳು ಕೊನೆಗೆ ಒಂದೇ ಮನೆಯ ಮೆಟ್ಟಿಲು ಹತ್ತುತ್ತಿದ್ದವು. ಮೂರನೆಯ ಮಹಡಿ, ಐವತ್ನಾಲ್ಕು ಮೆಟ್ಟಿಲು. ಅಲ್ಲಿ ಹೆಗಲ ಮೇಲಿಂದ ಬೆಳಕು ಬೀಳುವಂತೆ ಕಿಟಕಿಗೆ ಬೆನ್ನು ಕೊಟ್ಟು, ರೇಷ್ಮೆ ದಾರಕ್ಕೆ ಮೇಣ ಸವರುತ್ತ ಕೂತಿರುತ್ತಿದ್ದವಳೇ ಕಾಜಮ್ಮ.

ಆ ಹೆಸರು ಪೇಟೆಯವರು ಕೊಟ್ಟದ್ದು. ಐವತ್ತರ ಅಂಚಿನ ಹೆಂಗಸು. ಸಣಕಲು ಮೈ, ಮೂಗಿನ ತುದಿಯಲ್ಲಿ ದಪ್ಪ ಕನ್ನಡಕ, ಸೂಜಿಯಷ್ಟೇ ಚೂಪಾದ ನಾಲಿಗೆ. ಅಂಗಡಿಯಿಂದ ಬಂದ ಗಂಟಿಗೆ ಎಷ್ಟು ಕಾಜಾ, ಯಾರ ಕೋಟು, ಯಾವತ್ತಿಗೆ ಬೇಕು ಎಂದು ಬರೆದ ಚೀಟಿ ಇರಬೇಕು. ಇಲ್ಲದಿದ್ದರೆ ಗಂಟು ಬಂದ ದಾರಿಗೆ ಸುಂಕವಿಲ್ಲ. ಅವಳು ಓದಿದ್ದು ಐದನೇ ಕ್ಲಾಸು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಆದರೆ ಹಾಗೆ ಓದಿ ಮುಗಿಸುವವರೆಗೆ ಯಾವ ಕಾಗದವನ್ನೂ ಮಡಿಸಿ ಒಳಗಿಟ್ಟವಳಲ್ಲ.

ಜೊತೆಗಿದ್ದವಳು ಅವಳ ಅಕ್ಕ. ಅಕ್ಕನಿಗೆ ಮದುವೆ ಕೂಡಿಬರಲಿಲ್ಲ, ತಂಗಿಯದು ಕೂಡಿಬಂದು ಎರಡೇ ವರ್ಷಕ್ಕೆ ಮುರಿಯಿತು. ಅಲ್ಲಿಂದ ಇಬ್ಬರದೂ ಒಂದೇ ಒಲೆ. ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಒದ್ದೆ ಹಾಸಿಗೆಬಟ್ಟೆಗಳ ಬುಟ್ಟಿ ಎತ್ತಿ ಎತ್ತಿ ಮಂಡಿ ಸವೆಸಿಕೊಂಡಿದ್ದಳು. ನಿವೃತ್ತಿಯ ದಿನ ಗೋಡೆ ಹಿಡಿದು ಮೇಲೆ ಬಂದವಳು ಆಮೇಲೆ ಬೀದಿಗೆ ಇಳಿದದ್ದು ಎರಡೇ ಸಲ. ಎರಡು ಸಲವೂ ಡಾಕ್ಟರ ಹತ್ತಿರಕ್ಕೆ, ಕುರ್ಚಿಯಲ್ಲಿ ಕೂರಿಸಿ ಇಬ್ಬರು ಗಂಡಸರು ಹೊತ್ತುಕೊಂಡು. ಎರಡನೆಯ ಸಲ ಹೊತ್ತವನೊಬ್ಬ ತಿರುವಿನಲ್ಲಿ ಎಡವಿ, ಅಕ್ಕ ಕುರ್ಚಿ ಸಮೇತ ವಾಲಿ, ಹೇಗೋ ಬದುಕಿಕೊಂಡಳು. ಮನೆಗೆ ಬಂದವಳೇ, "ಇನ್ನು ನನ್ನನ್ನ ಇಳಿಸೋದು ಬೇಡ ಕಣೆ. ಹೆಣ ಆದ ಮೇಲೆ ಇಳಿಸು, ಆಗ ಬಿದ್ರೂ ನೋವಾಗಲ್ಲ" ಅಂದಳು. ಅಂದು ನಕ್ಕಳು ಕೂಡ.

ಕಾಜಮ್ಮ ನಗಲಿಲ್ಲ. ಮಾರನೆಯ ದಿನದಿಂದಲೇ ನೆಲಮಹಡಿಯ ಬಾಡಿಗೆ ಮನೆ ಹುಡುಕಲು ಹೊರಟಳು.

ಹಾಗೆ ಸಿಕ್ಕವನು ಗೊಂಚಲಪ್ಪ, ಮನೆ ಏಜೆಂಟ. ಸದಾ ಬೆರಳಿಗೆ ಬೀಗದಕೈಗಳ ದೊಡ್ಡ ಗೊಂಚಲು ಸಿಕ್ಕಿಸಿಕೊಂಡು ಗಿರ್ರನೆ ತಿರುಗಿಸುತ್ತಿದ್ದುದರಿಂದ ಬಂದ ಹೆಸರು ಅದು. ಗಾಜಿನ ಮೇಜು, ಗೋಡೆ ತುಂಬ ನಿವೇಶನಗಳ ನಕ್ಷೆ, ಬಾಯಿ ತೆರೆದರೆ ಬೆಣ್ಣೆ. ಅವನು ತೋರಿಸಿದ ಮನೆ ಹೇಳಿ ಮಾಡಿಸಿದಂತಿತ್ತು. ಎರಡು ಕೋಣೆ, ಬೀದಿಗೇ ತೆರೆಯುವ ಬಾಗಿಲು, ಬಾಗಿಲಿಗೆ ಒಂದೇ ಒಂದು ಮೆಟ್ಟಿಲು. ಕಾಜಮ್ಮ ಚೀಲದಿಂದ ಟೇಪು ತೆಗೆದು ಬಾಗಿಲ ಅಗಲ ಅಳೆದಳು. ಗಾಲಿಕುರ್ಚಿ ಸಲೀಸಾಗಿ ನುಗ್ಗುವಷ್ಟಿತ್ತು. ಕಿಟಕಿಯ ಪಕ್ಕ ಅಕ್ಕನ ಮಂಚ ಹಿಡಿಯುತ್ತದೆಯೇ ಎಂದೂ ಅಳೆದಳು. ಹಿಡಿಯುತ್ತಿತ್ತು.

ಮುಂಗಡವೆಂದು ಅವನು ಕೇಳಿದ್ದು ಅಕ್ಕನ ನಿವೃತ್ತಿ ಹಣದ ಮುಕ್ಕಾಲು ಪಾಲು. ಅಕ್ಕ ಕಣ್ಣುಮುಚ್ಚಿ ಕೊಟ್ಟಳು. ತಂಗಿ ಕಣ್ಣು ತೆರೆದುಕೊಂಡೇ ತೆಗೆದುಕೊಂಡು ಹೋದಳು. ಗೊಂಚಲಪ್ಪ ರಸೀದಿ ಪುಸ್ತಕದಲ್ಲಿ ಸರಸರನೆ ಗೀಚಿ ಹಾಳೆ ಹರಿದು ಕೊಟ್ಟ. ಕಾಜಮ್ಮ ಬೆರಳಿಟ್ಟು ಓದಿದಳು.

"ಇದೇನು, ಮನೆ ತೋರಿಸಿದ ಬಾಬ್ತು ಅಂತ ಬರೆದಿದ್ದೀರಿ?"

"ಅದು ಹಾಗೇ ಬರೆಯೋದು ಅಮ್ಮ. ನಮ್ಮಲ್ಲಿ ರೂಢಿ."

"ಮನೆ ತೋರಿಸೋಕೆ ಇಷ್ಟು ದುಡ್ಡಾ? ಅರಮನೆ ತೋರಿಸಿದ್ರೂ ಇಷ್ಟಾಗಲ್ಲ. ಪುಸ್ತಕದಲ್ಲೇ ಇಟ್ಟು ತಿದ್ದಿ. ಮುಂಗಡ ಅಂತ ಬರೀರಿ. ಮನೆ ಸಿಗದಿದ್ರೆ ವಾಪಸು ಅಂತಾನೂ ಬರೀರಿ."

ಗೊಂಚಲಪ್ಪ ದೊಡ್ಡದಾಗಿ ನಕ್ಕ. ಹಾಳೆಯನ್ನು ಮತ್ತೆ ಅದರ ಜಾಗದಲ್ಲಿಟ್ಟು, ಮೊದಲಿನದನ್ನು ಹೊಡೆದುಹಾಕಿ, ಮೇಲೆ ಅವಳು ಹೇಳಿದಂತೆಯೇ ಬರೆದು ಸಹಿ ಮಾಡಿದ. ಹಾಳೆ ಸರಿಯಾಗಿ ಕೂತಿದೆಯೇ ಎಂದು ಕಾಜಮ್ಮನೇ ಅಂಚು ಹಿಡಿದುಕೊಂಡಿದ್ದಳು. ಕೆಳಗಿದ್ದ ಕಾರ್ಬನ್ನಿನ ನೀಲಿ ಅವಳ ಹೆಬ್ಬೆರಳಿಗೆ ಹತ್ತಿದ್ದು ಗೊತ್ತಾಗಲಿಲ್ಲ. ಮನೆಗೆ ಬಂದು ಕೈ ತೊಳೆಯದೆ ಗಿರಾಕಿಯ ಬಿಳಿ ಅಂಗಿ ಎತ್ತಿಕೊಂಡಳು. ಕಾಲರಿನ ಮೇಲೆ ಹೆಬ್ಬೆಟ್ಟು ಒತ್ತಿದ ಹಾಗೆ ಕಲೆ ಬಿತ್ತು. ಉಜ್ಜಿದಳು, ನೆನೆಹಾಕಿದಳು, ಅಕ್ಕ ಲಾಂಡ್ರಿಯ ವಿದ್ಯೆಯನ್ನೆಲ್ಲ ಖರ್ಚು ಮಾಡಿದಳು, ಹೋಗಲಿಲ್ಲ. ಕೊನೆಗೆ ಅಂಗಿಯ ಬೆಲೆ ತೆತ್ತು, ತನ್ನನ್ನು ತಾನೇ ಎರಡು ದಿನ ಬೈದುಕೊಂಡಳು.

ತಿಂಗಳ ಮೊದಲ ದಿನ ತಳ್ಳುಗಾಡಿಯಲ್ಲಿ ಪಾತ್ರೆ ಪಡಗ, ಹೊಲಿಗೆಯ ಪೆಟ್ಟಿಗೆ ಹೇರಿಕೊಂಡು ಹೋದರೆ ಹೊಸ ಮನೆಗೆ ಬೀಗ. ಬಾಗಿಲ ಮುಂದೆ ಇನ್ನೊಂದು ಗಾಡಿ ನಿಂತಿತ್ತು. ಅದರ ಪಕ್ಕದಲ್ಲಿ ಒಬ್ಬ ಮುದಿ ವಾಚ್‌ಮನ್ ಮತ್ತು ಅವನ ಹೆಂಡತಿ. ಅವರ ಕೈಯಲ್ಲೂ ಗೊಂಚಲಪ್ಪನ ರಸೀದಿ. ಗದ್ದಲ ಕೇಳಿ ಪಕ್ಕದ ಬೀದಿಯಿಂದ ಮನೆಯ ಯಜಮಾನನೇ ಬಂದ.

"ಬಾಡಿಗೆಗಾ? ಈ ಮನೆನಾ? ಯಾರು ಹೇಳಿದ್ದು? ಸುಣ್ಣ ಬಣ್ಣ ಮಾಡಿಸೋಕೆ ಆಳು ಕರೆಸ್ತೀನಿ ಅಂತ ಅವನು ಬೀಗದಕೈ ಇಸ್ಕೊಂಡಿದ್ದ, ಅಷ್ಟೇ."

ಗಾಡಿಯವನು ಕಾಜಮ್ಮನ ಮುಖ ನೋಡಿ, ಬಂದದ್ದಕ್ಕೂ ಹೋಗುವುದಕ್ಕೂ ಸೇರಿ ಅರ್ಧ ಬಾಡಿಗೆ ಸಾಕು ಎಂದ. ಐವತ್ನಾಲ್ಕು ಮೆಟ್ಟಿಲು ಅದೇ ಪಾತ್ರೆಗಳನ್ನು ಮೇಲೆ ಹೊತ್ತದ್ದಾಯಿತು. ಇಳಿಯದೆ ಮೇಲೆಯೇ ಕಾದಿದ್ದ ಅಕ್ಕ ಪಾತ್ರೆಗಳನ್ನು ಮೊದಲಿದ್ದ ಜಾಗದಲ್ಲೇ ಜೋಡಿಸಲು ಕೂತಲ್ಲಿಂದಲೇ ನೆರವಾದಳು.

ಮುಂದಿನ ಎಂಟು ತಿಂಗಳು ಗೊಂಚಲಪ್ಪ "ನಾಳೆ" ಎಂಬ ಒಂದೇ ಮಾತಿನಲ್ಲಿ ಕಳೆದ. ನಾಳೆ ಇನ್ನೊಂದು ಮನೆ ತೋರಿಸುತ್ತೇನೆ, ನಾಳೆ ಬ್ಯಾಂಕಿಗೆ ಹೋಗುತ್ತೇನೆ, ನಾಳೆ ಖಂಡಿತ. ಆಮೇಲೆ ಆಫೀಸಿನಲ್ಲೇ ಸಿಗದಾದ. ಒಂದು ದಿನ ಸಿಕ್ಕಿಬಿದ್ದಾಗ ಬೆಣ್ಣೆಯೆಲ್ಲ ಕರಗಿಹೋಗಿತ್ತು.

"ಏನಮ್ಮ ಮಾಡ್ತೀಯ? ಕೋರ್ಟಿಗೆ ಹೋಗ್ತೀಯಾ? ಹೋಗು. ಅಲ್ಲಿ ಬೆಂಚು ಕಾಯೋರು ಬಹಳ ಜನ ಇದ್ದಾರೆ, ಜೊತೆ ಸಿಗುತ್ತೆ."

ಅವನಿಗೆ ಕಾಜಮ್ಮನ ಪರಿಚಯ ಸಾಲದಾಗಿತ್ತು.

ಮನೆಯಲ್ಲಿ ಅಕ್ಕ ಬೇಡವೆಂದಳು. "ಗೆದ್ದವನು ಸೋತ, ಸೋತವನು ಸತ್ತ ಅಂತಾರೆ ಕೋರ್ಟಿಗೆ. ಹೋದದ್ದು ಹೋಯ್ತು. ನಿನ್ನ ಕೆಲಸ ಕೆಡಿಸ್ಕೋಬೇಡ."

"ಹೋಗಿಲ್ಲ ಅಕ್ಕ. ಅವನ ಹತ್ರ ಇದೆ. ಇರೋ ಜಾಗ ಗೊತ್ತಿರೋದನ್ನ ಹೋಯ್ತು ಅಂತ ಹೇಗೆ ಅನ್ನಲಿ?"

ಕೋರ್ಟಿನ ಹಿಂಭಾಗದಲ್ಲಿ, ಫೀಸು ಕೊಡಲಾಗದವರಿಗಾಗಿ ಇದ್ದ ಉಚಿತ ಕಾನೂನು ನೆರವಿನ ಕೋಣೆಯಲ್ಲಿ, ಒಬ್ಬ ವಕೀಲಮ್ಮ ಸಿಕ್ಕಳು. ಮೂವತ್ತು ದಾಟಿರದ ಹೆಣ್ಣುಮಗಳು. ಮೇಜಿನ ಮೇಲೆ ಫೈಲುಗಳ ಗುಡ್ಡ, ಗುಡ್ಡದ ಮೇಲೆ ಅರ್ಧ ತಿಂದ ಬನ್ನು. ರಸೀದಿ ನೋಡಿ ಅವಳ ಹುಬ್ಬು ಮೇಲೇರಿತು.

"ವಾಪಸು ಅಂತ ಬರೆಸಿದ್ದು ಯಾರು?"

"ನಾನೇ."

"ಇಲ್ಲಿಗೆ ಬರೋ ಹತ್ತು ಜನರಲ್ಲಿ ಒಂಬತ್ತು ಜನರ ಹತ್ರ ಕಾಗದಾನೇ ಇರಲ್ಲ. ನೀವು ತಿದ್ದಿಸಿಕೊಂಡು ಬೇರೆ ಬಂದಿದ್ದೀರಿ. ಆದ್ರೆ ಅಮ್ಮ, ಒಂದು ಮಾತು ಮೊದಲೇ ಹೇಳ್ತೀನಿ. ನಿಧಾನ ಆಗುತ್ತೆ. ಬಹಳ ನಿಧಾನ."

"ಒಂದು ಕೋಟಿನ ಕಾಜಾ ಮಾಡೋಕೆ ನಂಗೆ ಅರ್ಧ ದಿನ ಬೇಕು. ನಿಧಾನ ಅಭ್ಯಾಸ ಇದೆ."

ದಾವೆ ಹೂಡಿದ್ದಾಯಿತು. ಮೊದಲ ತೊಡಕು, ಪ್ರತಿವಾದಿಗೆ ಸಮನ್ಸು ಮುಟ್ಟಿಸುವುದೇ ಆಯಿತು. ಕೋರ್ಟಿನ ಅಮೀನ, ಅಂದರೆ ಸಮನ್ಸು ಒಯ್ದು ಕೊಡುವವನು, ನಿವೃತ್ತಿಗೆ ಹತ್ತಿರವಾದ ಬಡಕಲು ಮನುಷ್ಯ. ಮೂರು ಸಲ ಹೋಗಿ ಮೂರು ಸಲವೂ "ಮನೆಯಲ್ಲಿಲ್ಲ" ಎಂಬ ಉತ್ತರ ಹೊತ್ತು ತಂದ. ಸಮನ್ಸು ಮುಟ್ಟದೆ ಕೇಸು ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿತ್ತು.

ಹೀಗಿರುವಾಗ ಕಾಜಮ್ಮನ ಮನೆಗೆ ಪೇಟೆಯ ದೊಡ್ಡ ಟೈಲರ್ ಮಾಸ್ಟರ ಅಂಗಡಿಯಿಂದ ಗಂಟೊಂದು ಬಂತು. ಬೂದು ಬಣ್ಣದ ಕೋಟಿನ ಎದೆಭಾಗ. ಚೀಟಿಯ ಮೇಲೆ ಬೆರಳಾಡಿಸಿದವಳ ಕೈ ನಿಂತಿತು. ಗಿರಾಕಿಯ ಹೆಸರು ಗೊಂಚಲಪ್ಪನದು. ಕೆಳಗೆ, ಶುಕ್ರವಾರ ಸಂಜೆ ಟ್ರಯಲ್.

ಕಾಜಮ್ಮ ಕೆಲಸ ಕೆಡಿಸಲಿಲ್ಲ, ಅದನ್ನು ಹೇಳಲೇಬೇಕು. ಶತ್ರುವಿನ ಕೋಟೆಂದು ಒಂದು ಹೊಲಿಗೆಯನ್ನೂ ಸಡಿಲ ಬಿಡಲಿಲ್ಲ. ಹೊಲಿದು ಕೊಟ್ಟು, ಶುಕ್ರವಾರ ಸಂಜೆ ಅಮೀನನನ್ನು ಕರೆದುಕೊಂಡು ಅಂಗಡಿಗೆ ಹೋದಳು. ಗೊಂಚಲಪ್ಪ ಆಳೆತ್ತರದ ಕನ್ನಡಿಯ ಮುಂದೆ ಕೈ ಚಾಚಿ ನಿಂತಿದ್ದ. ಒಂದು ತೋಳು ಕೂತಿತ್ತು, ಇನ್ನೊಂದಕ್ಕೆ ಬರೀ ಗುಂಡುಸೂಜಿ. ಸೊಂಟದ ಸುತ್ತ ಸೀಮೆಸುಣ್ಣದ ಗೆರೆ.

"ಇವರೇ," ಅಂದಳು ಕಾಜಮ್ಮ.

ಗೊಂಚಲಪ್ಪ ತಿರುಗಿ ಓಡಲು ನೋಡಿದ. ಕಂಕುಳಲ್ಲಿದ್ದ ಆರು ಸೂಜಿ ಒಟ್ಟಿಗೇ ಚುಚ್ಚಿದವು. "ಅಯ್ಯಯ್ಯೋ" ಎಂದು ನಿಂತಲ್ಲೇ ನಿಂತ. ಅಮೀನ ಬಹಳ ವಿನಯದಿಂದ ಸಮನ್ಸನ್ನು ಅವನ ಚಾಚಿದ ಕೈಗೇ ಕೊಟ್ಟು, "ಇಲ್ಲೊಂದು ಸಹಿ ಹಾಕಿ ಸಾರ್. ಎಡಗೈ ಆದ್ರೂ ನಡೆಯುತ್ತೆ" ಅಂದ.

ಪೇಟೆಗೆಲ್ಲ ನಗುವಾಯಿತು, ಟೈಲರ್ ಮಾಸ್ಟರಿಗೆ ಸಿಟ್ಟಾಯಿತು. "ನನ್ನ ಗಿರಾಕೀನ ನನ್ನ ಅಂಗಡೀಲೇ ಹಿಡ್ಕೊಟ್ಟಿರಲ್ಲ! ಇನ್ನು ನಿಮಗೂ ನಮಗೂ ಸರಿಹೋಗಲ್ಲ" ಎಂದು ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಅವರನ್ನು ನೋಡಿ ಇನ್ನೊಂದು ಅಂಗಡಿಯವರೂ ನಿಲ್ಲಿಸಿದರು. ಕೋರ್ಟಿನ ದಿನಗಳಲ್ಲಿ ಮೊದಲೇ ಕೂಲಿ ಇರಲಿಲ್ಲ. ಆ ವರ್ಷ ಅಕ್ಕತಂಗಿಯರು ಹಾಲು ಬಿಟ್ಟು ಕಪ್ಪು ಚಹಾ ಕುಡಿಯಲು ಕಲಿತರು. ಕಾಜಮ್ಮನ ನಾಲಿಗೆ ಇನ್ನಷ್ಟು ಚೂಪಾಯಿತು. ಮಂಡಿನೋವೆಂದು ನರಳಿದ ಅಕ್ಕನ ಮೇಲೆ ಒಂದು ದಿನ, "ನಿನ್ನ ಮಂಡಿಯಿಂದಲೇ ಇಷ್ಟೆಲ್ಲ" ಎಂದು ರೇಗಿಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವತ್ತು ಸಂಜೆ ಬಿಸಿನೀರಿನ ಚೀಲ ಹಿಡಿದು ಅಕ್ಕನ ಕಾಲ ಬಳಿ ಎಷ್ಟೋ ಹೊತ್ತು ಕೂತಿದ್ದಳು.

ಕೋರ್ಟಿನಲ್ಲಿ ಗೊಂಚಲಪ್ಪನ ಉತ್ತರ ಬಂತು. ತಾನು ಪಡೆದದ್ದು ಮನೆ ತೋರಿಸಿದ ಕೂಲಿ, ಮುಂಗಡವಲ್ಲ. ರಸೀದಿಯ ಮೇಲಿನ ತಿದ್ದುಪಡಿ ತನ್ನ ಕೈಬರಹದಂತೆ ಕಂಡರೂ ತನ್ನದಲ್ಲ, ವಾದಿಯೇ ಆಮೇಲೆ ಯಾರಿಂದಲೋ ಬರೆಸಿಕೊಂಡದ್ದು.

ಸಾಕ್ಷ್ಯದ ದಿನ ಗೊತ್ತಾಯಿತು. ಅಷ್ಟರಲ್ಲಿ ವಕೀಲಮ್ಮ ತುಂಬು ಬಸುರಿ. "ಇನ್ನೂ ಮೂರು ವಾರ ಇದೆ, ನಾನೇ ಬರ್ತೀನಿ" ಅಂದಿದ್ದಳು. ಮಗು ಅವಳ ವಾಯಿದೆ ಕೇಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಾಜಮ್ಮ ಕೋರ್ಟಿನ ಬಾಗಿಲಲ್ಲಿದ್ದಾಗ, ವಕೀಲಮ್ಮ ಹೆರಿಗೆ ವಾರ್ಡಿನಲ್ಲಿದ್ದಾಳೆಂದು ಫೋನು ಬಂತು. ಎದುರು ವಕೀಲ ಇನ್ನೊಂದು ವಾಯಿದೆ ಸಿಗುತ್ತದೆಂದು ಆಗಲೇ ಫೈಲು ಕಟ್ಟುತ್ತಿದ್ದ. ನ್ಯಾಯಾಧೀಶರು, ತಲೆ ನರೆತ ಗಂಭೀರ ಹೆಂಗಸು, ಕೇಳಿದರು:

"ನಿಮ್ಮ ವಕೀಲರು ಇಲ್ಲ. ಮುಂದಕ್ಕೆ ಹಾಕೋಣವೇ?"

ಮುಂದಕ್ಕೆ ಹಾಕುವುದೆಂದರೆ ಇನ್ನೂ ನಾಲ್ಕು ತಿಂಗಳು ಎನ್ನುವುದು ಕಾಜಮ್ಮನಿಗೆ ಅಷ್ಟು ಹೊತ್ತಿಗೆ ಬಾಯಿಪಾಠವಾಗಿತ್ತು.

"ಬೇಡ ಸ್ವಾಮಿ. ನಡೆದದ್ದು ನನಗೆ ಗೊತ್ತು. ಕೇಳಲಿ, ಹೇಳ್ತೀನಿ."

ಎದುರು ವಕೀಲ ಕಟಕಟೆಯ ಬಳಿ ಬಂದ. "ನೀವು ಓದಿರೋದು ಎಷ್ಟು?"

"ಐದನೇ ಕ್ಲಾಸು."

"ಐದನೇ ಕ್ಲಾಸಿನವರು ಒಬ್ಬ ವ್ಯವಹಾರಸ್ಥರಿಂದ ರಸೀದಿ ತಿದ್ದಿಸಿದ್ರಾ? ಇದನ್ನ ನಂಬಬೇಕಾ?"

"ಹೆಚ್ಚು ಓದಿದ್ರೆ ತಿದ್ದಿಸ್ತಿರಲಿಲ್ವೇನೋ. ಓದು ಕಮ್ಮಿ, ಅದಕ್ಕೇ ಒಂದೊಂದೇ ಅಕ್ಷರ ನೋಡ್ತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಈ ತಿದ್ದುಪಡಿ ನೀವೇ ಮನೆಯಲ್ಲಿ ಮಾಡಿಸಿಕೊಂಡದ್ದು ಅಂತ ನಾನು ಹೇಳ್ತೀನಿ."

"ಹಾಗಾದ್ರೆ ಅವರ ಪುಸ್ತಕದಲ್ಲಿ ತಿದ್ದುಪಡಿ ಇರಬಾರದು, ಅಲ್ವಾ?" ಕಾಜಮ್ಮ ವಕೀಲನನ್ನು ಬಿಟ್ಟು ನ್ಯಾಯಾಧೀಶರ ಕಡೆ ತಿರುಗಿದಳು. "ಅವರು ಬರೆಯುವಾಗ ಕೆಳಗೆ ಕಾರ್ಬನ್ ಇತ್ತು ಸ್ವಾಮಿ. ಹಾಳೆ ಸರಿಯಬಾರದು ಅಂತ ನಾನೇ ಹಿಡ್ಕೊಂಡಿದ್ದೆ. ಆ ನೀಲಿ ನನ್ನ ಹೆಬ್ಬೆರಳಿಗೆ ಹತ್ತಿತ್ತು. ಅದೇ ಬೆರಳಲ್ಲಿ ಒಬ್ಬರ ಬಿಳಿ ಅಂಗಿ ಮುಟ್ಟಿ, ಕಲೆಯಾಗಿ, ಪೂರಾ ಅಂಗಿಯ ದುಡ್ಡು ಕಟ್ಟಿದ್ದೀನಿ. ಅದಕ್ಕೇ ಮರೆತಿಲ್ಲ. ನಾನು ತಿದ್ದಿಸಿದ್ದು ಈ ಹಾಳೆ ಮೇಲೆ ಇದ್ರೆ, ಅದರ ನಕಲು ಅವರ ಪುಸ್ತಕದಲ್ಲೂ ಇರುತ್ತೆ. ತರೋಕೆ ಹೇಳಿ."

ನ್ಯಾಯಾಧೀಶರು ಗೊಂಚಲಪ್ಪನನ್ನು ನೋಡಿದರು. "ಪುಸ್ತಕ ಎಲ್ಲಿದೆ?"

"ಅದು... ಇಲ್ಲ ಸ್ವಾಮಿ. ಈಯಮ್ಮನಿಗೆ ರಸೀದಿ ಕೊಟ್ಟ ವಾರದಲ್ಲೇ ಆಫೀಸಿನಲ್ಲಿ ಪೈಪು ಒಡೆದು ನೀರು ನುಗ್ಗಿತು. ಪುಸ್ತಕ ನೆಂದು ಮುದ್ದೆ ಆಯ್ತು. ಬಿಸಾಕಿದೆ."

ಎದುರು ವಕೀಲನ ಮುಖದ ಮೇಲೆ ನೆಮ್ಮದಿ ಮೂಡಿತು. ಕಾಜಮ್ಮ ಚೀಲಕ್ಕೆ ಕೈ ಹಾಕಿದಳು. ಒಂದೇ ಮನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ ವಾಚ್‌ಮನ್ ಅವತ್ತು ಅವಳಿಗೆ ಧೈರ್ಯ ಹೇಳಲೆಂದು ಕೋರ್ಟಿಗೆ ಬಂದಿದ್ದ. ಬರುವಾಗ ತನ್ನ ರಸೀದಿಯನ್ನೂ ಅವಳ ಕೈಗೆ ಕೊಟ್ಟಿದ್ದ.

"ಇದು ಆ ಪುಸ್ತಕದ್ದೇ ಸ್ವಾಮಿ. ನನ್ನ ರಸೀದಿ ಇಪ್ಪತ್ತೊಂದನೇ ನಂಬರು. ಇದು ಇಪ್ಪತ್ತನಾಲ್ಕು. ತಾರೀಕು ನೋಡಿ. ನನಗೆ ಕೊಟ್ಟು ಹತ್ತೊಂಬತ್ತು ದಿನ ಆದ ಮೇಲೆ ಕೊಟ್ಟದ್ದು. ಮುದ್ದೆ ಆದ ಪುಸ್ತಕದಲ್ಲಿ ಹೇಗೆ ಬರೆದ್ರು ಅಂತ ಕೇಳಿ. ರಸೀದಿ ಇಸ್ಕೊಂಡವರು ಇಲ್ಲೇ ಕೂತಿದ್ದಾರೆ, ಅವರನ್ನೂ ಕೇಳಿ."

ಮುದಿ ವಾಚ್‌ಮನ್ ಎದ್ದು ನಿಂತ. ಬೆನ್ನು ಬಾಗಿದ್ದರೂ ಹಳೆಯ ಅಭ್ಯಾಸಬಲದಿಂದ ಸಲ್ಯೂಟು ಹೊಡೆದ. ಅವನನ್ನು ಸಾಕ್ಷಿಯಾಗಿ ಕೇಳಿದರು, ಪುಸ್ತಕ ತರಲು ಗೊಂಚಲಪ್ಪನಿಗೆ ಎರಡು ವಾರ ಕೊಟ್ಟರು. ಅವನು ಪುಸ್ತಕ ತರಲಿಲ್ಲ. ವಕೀಲನೂ ಬದಲಾದ. ಆರು ತಿಂಗಳ ನಂತರ ತೀರ್ಪು ಬಂತು. ಮುಂಗಡ ಪೂರ್ತಿ, ಮೇಲೆ ಬಡ್ಡಿ, ಕೋರ್ಟು ಖರ್ಚು. ವಕೀಲಮ್ಮ ಕೈಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಂದು ತೀರ್ಪು ಓದಿ ಹೇಳಿದಳು. "ಅಮ್ಮ, ನಾನಿದ್ದಿದ್ರೂ ಇಷ್ಟು ಚೆನ್ನಾಗಿ ನಡೆಸ್ತಿರಲಿಲ್ಲ" ಅಂದಳು. ಕಾಜಮ್ಮ ಕೂಸಿನ ಅಂಗಿಯನ್ನು ತಿರುವಿ ನೋಡಿ, "ಇದರ ಕಾಜಾ ಯಾರು ಮಾಡಿದ್ದು? ನಾಳೆಗೇ ಬಿಚ್ಚಿಕೊಳ್ಳುತ್ತೆ" ಅಂದಳು. ಸಂತೋಷವಾದಾಗ ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ.

ಆದರೆ ತೀರ್ಪು ಬೇರೆ, ದುಡ್ಡು ಬೇರೆ. ಆಫೀಸು ಗೊಂಚಲಪ್ಪನ ಭಾವಮೈದುನನ ಹೆಸರಿನಲ್ಲಿ, ಮನೆ ಹೆಂಡತಿಯ ಹೆಸರಿನಲ್ಲಿ, ಕಾರು ಯಾರದೋ ಹೆಸರಿನಲ್ಲಿ. ಬ್ಯಾಂಕಿನ ಖಾತೆ ಗುಡಿಸಿಟ್ಟ ಹಾಗೆ ಚೊಕ್ಕಟ. ಜಪ್ತಿಗೆ ಹೋದ ಅಮೀನ ಬರಿಗೈಯಲ್ಲಿ ಬಂದ. ಕೋರ್ಟಿನ ಮೆಟ್ಟಿಲ ಮೇಲೆ ಎದುರಾದ ಗೊಂಚಲಪ್ಪ ಗೊಂಚಲು ತಿರುಗಿಸುತ್ತ, "ಆ ತೀರ್ಪಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಮ್ಮ, ಮನೆಗೆ ಲಕ್ಷಣ" ಅಂದ.

ಆ ದಿನ ಮಾತ್ರ ಕಾಜಮ್ಮ ಐವತ್ನಾಲ್ಕು ಮೆಟ್ಟಿಲಿನ ನಡುವೆ ಕೂತುಬಿಟ್ಟಳು. ಇಪ್ಪತ್ತೈದೋ ಇಪ್ಪತ್ತಾರೋ ಹತ್ತಿದ್ದಳು. ಮೇಲೆ ಹೋಗಿ ಅಕ್ಕನಿಗೆ ಏನು ಹೇಳುವುದೆಂದು ತೋಚಲಿಲ್ಲ. ಎಷ್ಟು ಹೊತ್ತು ಕೂತಿದ್ದಳೋ. ಮೇಲಿನಿಂದ ಅಕ್ಕನ ದನಿ ಕೇಳಿತು: "ಅಲ್ಲಿ ಕೂತಿರೋದು ನೀನೇ ಅಂತ ಗೊತ್ತು ಕಣೆ. ನಿನ್ನ ಕೆಮ್ಮು ನಂಗೆ ಗೊತ್ತಾಗಲ್ವಾ? ಬಾ, ಚಹಾ ಆರ್ತಿದೆ." ತಂಗಿ ಎದ್ದು ಹತ್ತಿದಳು.

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಟೈಲರ್ ಮಾಸ್ಟರು, ಸ್ವತಃ, ಬೆವರೊರೆಸಿಕೊಳ್ಳುತ್ತ. ಕೈಯಲ್ಲಿ ನಾಲ್ಕು ಕೋಟಿನ ಗಂಟು.

"ತಪ್ಪಾಯ್ತು ಕಾಜಮ್ಮ. ಕೆಲಸ ಶುರು ಮಾಡಿ."

"ಏನು, ನಿಮ್ಮ ದೊಡ್ಡ ಗಿರಾಕಿ ಒಪ್ಪಿದ್ರಾ?"

"ಅವನ ಸುದ್ದಿ ಎತ್ತಬೇಡಿ. ಆ ಬೂದು ಕೋಟು, ಆಮೇಲೆ ಎರಡು ಪ್ಯಾಂಟು. ಇವತ್ತಿನವರೆಗೆ ಬಿಡಿಗಾಸು ಕೊಟ್ಟಿಲ್ಲ." ಮಾಸ್ಟರು ಅಕ್ಕ ತೋರಿಸಿದ ಕುರ್ಚಿಯಲ್ಲಿ ಕೂತು ದನಿ ತಗ್ಗಿಸಿದರು. "ಕೇಳಿ. ನನ್ನ ಅಂಗಡಿ ಇರೋ ಕಟ್ಟಡ ಮಾರಾಟ ಆಗ್ತಿದೆ. ಜವಳಿ ಅಂಗಡಿ ಸಾಹುಕಾರರು ಕೊಳ್ತಿದ್ದಾರೆ. ಕುದುರಿಸಿದ್ದು ಇವನೇ. ಮುಂದಿನ ತಿಂಗಳು ರಿಜಿಸ್ಟ್ರಿ. ಅವತ್ತೇ ಸಾಹುಕಾರರು ಇವನಿಗೆ ಕಮಿಷನ್ ಕೊಡಬೇಕು, ಭಾರಿ ಮೊತ್ತ. ನನ್ನ ಹೆಸರು ಮಾತ್ರ ಬರಬಾರದು. ನಾಳೆ ಆ ಸಾಹುಕಾರರಿಗೇ ನಾನು ಬಾಡಿಗೆ ಕಟ್ಟೋನು."

ಗಂಟನ್ನು ಹಾಗೇ ಬಿಟ್ಟು ಕಾಜಮ್ಮ ಚಪ್ಪಲಿ ಮೆಟ್ಟಿದಳು. ವಕೀಲಮ್ಮನ ಮುಂದೆ ಹೋಗಿ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಅವನ ಹತ್ರ ಇರೋದನ್ನ ತಗೋಬಹುದು ಅಂದ್ರಲ್ಲ. ಬೇರೆಯವರು ಅವನಿಗೆ ಕೊಡಬೇಕಾಗಿರೋದನ್ನ ತಗೋಬಹುದಾ?"

ವಕೀಲಮ್ಮ ಪೆನ್ನು ಕೆಳಗಿಟ್ಟಳು. "ತಗೋಬಹುದು. ಅವನ ಕೈ ಸೇರೋಕೆ ಮುಂಚೆ ಕೋರ್ಟಿಗೆ ಕಟ್ಟಿ ಅಂತ ಆದೇಶ ತರಬಹುದು. ಆದ್ರೆ ಈ ವಿಷಯ ಯಾರು ಹೇಳಿದ್ದು ನಿಮಗೆ?"

"ಪೇಟೆ ಹೇಳ್ತು ಅಂತ ಬರ್ಕೊಳ್ಳಿ."

ಅರ್ಜಿ ಹೋಯಿತು. ಆದೇಶ ಬಂತು. ಜವಳಿ ಅಂಗಡಿಯ ಸಾಹುಕಾರರಿಗೆ ಅದನ್ನು ಮುಟ್ಟಿಸಿದವನು ಅದೇ ಅಮೀನ, ಅವನ ನಿವೃತ್ತಿಗೆ ಹನ್ನೊಂದು ದಿನ ಬಾಕಿಯಿದ್ದಾಗ. ಸಾಹುಕಾರರು ಎರಡೆರಡು ಸಲ ಓದಿ, "ನಾನು ಕೊಡೋದಂತೂ ಕೊಡಲೇಬೇಕು. ಅವನ ಕೈಗಾದ್ರೇನು, ಕೋರ್ಟಿಗಾದ್ರೇನು? ಕೋರ್ಟಿನ ರಸೀದಿಯಾದ್ರೂ ನೀರಲ್ಲಿ ನೆನೆಯಲ್ಲ" ಅಂದರಂತೆ. ಆ ಕಥೆ ಅಷ್ಟು ಹೊತ್ತಿಗೆ ಪೇಟೆಯೆಲ್ಲ ಸುತ್ತಿತ್ತು.

ಮೂರನೆಯ ದಿನ ಗೊಂಚಲಪ್ಪ ಮೆಟ್ಟಿಲು ಹತ್ತಿ ಬಂದ. ಕೊನೆಯ ಸಾಲು ಹತ್ತುವಾಗ ಅವನ ಏದುಸಿರು ಒಳಗೆ ಕೇಳಿಸುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತ. ಗೊಂಚಲು ಜೇಬಿನಲ್ಲಿತ್ತು.

"ಅಮ್ಮ, ರಾಜಿ ಮಾಡ್ಕೊಳ್ಳೋಣ. ಅರ್ಧ ಈಗಲೇ, ಇಲ್ಲೇ, ನಗದು. ನಾಳೆ ಕೋರ್ಟಿಗೆ ಹೋಗಿ ಅರ್ಜಿ ವಾಪಸು ತಗೊಳ್ಳಿ. ಇಲ್ಲಾಂದ್ರೆ ನಾನು ಮೇಲಿನ ಕೋರ್ಟಿಗೆ ಹೋಗ್ತೀನಿ. ಇನ್ನೂ ನಾಲ್ಕು ವರ್ಷ ಎಳೀತೀನಿ."

ನೋಟಿನ ಕಟ್ಟು ಮೇಜಿನ ಮೇಲೆ ಕೂತಿತು. ಕಾಜಮ್ಮ ಅದನ್ನು ನೋಡಿದಳು. ಸುಳ್ಳು ಏಕೆ ಹೇಳಬೇಕು, ಅವಳ ಮನಸ್ಸು ಅಲುಗಿತು. ಕಣ್ಣು ಮಂಜಾಗುತ್ತಿತ್ತು, ಕೋರ್ಟಿನ ಬೆಂಚು ಸಾಕಾಗಿತ್ತು. ಅವಳು ಅಕ್ಕನ ಕಡೆ ತಿರುಗಿದಳು.

"ದುಡ್ಡು ನಿನ್ನದು. ನೀನು ಹೇಳಿದ ಹಾಗೆ."

ಕೋರ್ಟು ಬೇಡವೆಂದು ಮೊದಲ ದಿನ ಹೇಳಿದ್ದ ಅಕ್ಕ ಗೊಂಚಲಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವನನ್ನು ಅವಳು ಕಾಣುತ್ತಿದ್ದುದು ಅದೇ ಮೊದಲು.

"ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ. ಒಂದೇ ಸಲ ಹತ್ತಿದ್ದಕ್ಕೆ ಇಷ್ಟು ಉಬ್ಬಸ ಬಂತು ನಿಮಗೆ. ಇವಳು ನಾಲ್ಕು ವರ್ಷದಿಂದ ನನ್ನ ದುಡ್ಡಿಗೋಸ್ಕರ ಇದನ್ನೇ ಹತ್ತಿ ಇಳೀತಿದ್ದಾಳೆ. ನಾನು ಬೆವರು ಸುರಿಸಿದ್ದರಲ್ಲಿ ಅರ್ಧ ನಿಮಗೆ ಯಾಕೆ ಬಿಡಲಿ? ನೀವು ಒಂದು ದಿನ ಲಾಂಡ್ರಿಗೆ ಬಂದು ಬುಟ್ಟಿಗೆ ಕೈ ಕೊಟ್ಟಿದ್ರಾ?" ನೋಟಿನ ಕಟ್ಟನ್ನು ಕೋಲಿನ ತುದಿಯಿಂದ ಮೆಲ್ಲಗೆ ಅವನ ಕಡೆಗೆ ಸರಿಸಿದಳು. "ನೀರು ಕುಡಿದು ಹೋಗಿ. ಇಳಿಯುವಾಗ ತಿರುವಿನಲ್ಲಿ ಹುಷಾರು."

ಗೊಂಚಲಪ್ಪ ನೀರು ಕುಡಿಯಲಿಲ್ಲ. ಮೇಲಿನ ಕೋರ್ಟಿಗೂ ಹೋಗಲಿಲ್ಲ. ಅಲ್ಲಿ ಮೊದಲು ಪೂರ್ತಿ ಹಣ ಕಟ್ಟಿ ಆಮೇಲೆ ಮಾತಾಡಬೇಕೆಂದು ಅವನ ವಕೀಲನೇ ಹೇಳಿದನೆಂದು ಸುದ್ದಿ. ರಿಜಿಸ್ಟ್ರಿಯ ದಿನ ಸಾಹುಕಾರರು ಕಮಿಷನ್ನನ್ನು ನೆಟ್ಟಗೆ ಕೋರ್ಟಿಗೆ ಕಟ್ಟಿದರು. ಮುಂಗಡ, ಬಡ್ಡಿ, ಖರ್ಚು ಎಲ್ಲ ಸೇರಿದ ಚೆಕ್ಕು ಕಾಜಮ್ಮನ ಕೈಗೆ ಬಂತು. ಅವಳು ಅದನ್ನು ಗುಮಾಸ್ತನ ಮೇಜಿನ ಮೇಲೇ ಹರಡಿಕೊಂಡು ಬೆರಳಿಟ್ಟು ಓದಿದಳು. ಹಿಂದೆ ಸಾಲು ಬೆಳೆಯಿತು. ಯಾರೂ ಗೊಣಗಲಿಲ್ಲ. ಉಳಿದ ಕಮಿಷನ್ ಗೊಂಚಲಪ್ಪನ ಕೈಗೆ ಹೋಗುವ ಮುಂಚೆಯೇ ವಾಚ್‌ಮನ್ನನ ಅರ್ಜಿಯೂ ಅದೇ ಕೋರ್ಟು ಸೇರಿತ್ತು. ಅದನ್ನು ಬರೆಸಿ, ಅವನ ಜೊತೆ ಹೋಗಿ ಕೊಡಿಸಿದವಳು ಕಾಜಮ್ಮ. ಅವನ ಕೇಸು ಒಂದೇ ವರ್ಷದಲ್ಲಿ ಮುಗಿದು ದುಡ್ಡು ಕೈ ಸೇರಿತು. ಟೈಲರ್ ಮಾಸ್ಟರು ಮಾತ್ರ ಕೋಟಿನ ದುಡ್ಡಿಗೆ ದಾವೆ ಹೂಡುವ ಧೈರ್ಯ ಮಾಡಲಿಲ್ಲ. "ನನ್ನ ಹತ್ರ ಚೀಟಿ ಇಲ್ಲ" ಎಂದು ತಲೆ ಕೆರೆದುಕೊಂಡರು.

ಮನೆ ಹುಡುಕಲು ಈ ಸಲ ಏಜೆಂಟರು ಬೇಕಾಗಲಿಲ್ಲ. ವಾಚ್‌ಮನ್ ದಂಪತಿಗಳು ಇದ್ದ ಬೀದಿಯಲ್ಲೇ ನೆಲಮಹಡಿಯ ಎರಡು ಕೋಣೆ ಖಾಲಿಯಾದವು. ಯಜಮಾನಿಯೊಡನೆ ನೇರ ಮಾತಾಡಿ, ಕರಾರಿನ ಆರು ಪುಟ ಓದಲು ಕಾಜಮ್ಮ ಒಂದು ಬೆಳಿಗ್ಗೆ ಪೂರ್ತಿ ತೆಗೆದುಕೊಂಡಳು. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಕೊನೆಯ ಸಲ ಇಳಿಸಿದರು. ಮೊದಲ ಕೆಲವು ದಿನ ಅಕ್ಕನದು ದೂರೇ ದೂರು. ಧೂಳು ಬರುತ್ತದೆ, ಮೇಲಿದ್ದಾಗ ಬೀದಿಯೆಲ್ಲ ಕಾಣುತ್ತಿತ್ತು, ಇಲ್ಲಿ ಬರೀ ಎದುರು ಗೋಡೆ. ಆಮೇಲೆ ಹೊಸಿಲ ಬಳಿ ಕುರ್ಚಿ ಹಾಕಿಸಿಕೊಂಡಳು. ಆಮೇಲೆ ಕೋಲೂರಿ ಬೀದಿದೀಪದ ಕಂಬದವರೆಗೆ.

ಒಂದು ಸಂಜೆ ಕಾಜಮ್ಮ ಕೋಟಿನ ಕಾಜಾದ ತಿರುವಿನಲ್ಲಿದ್ದಳು, ಕಣ್ಣೆತ್ತುವ ಹಾಗಿರಲಿಲ್ಲ. ದಾರ ಮುಗಿಸಿ ಗಂಟು ಹಾಕಿ ನೋಡಿದರೆ ಹೊಸಿಲ ಬಳಿಯ ಕುರ್ಚಿ ಖಾಲಿ. ಕಂಬದ ಹತ್ತಿರವೂ ಅಕ್ಕ ಇಲ್ಲ. ಬೆರಳಲ್ಲಿ ಸೂಜಿ ಹಾಗೇ ಹಿಡಿದುಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದಳು. ಬೀದಿಯ ಆ ತುದಿಯಲ್ಲಿ, ತರಕಾರಿಯವನ ಗಾಡಿಯ ಪಕ್ಕ, ಅಕ್ಕ ಕೋಲಿನ ಮೇಲೆ ಭಾರ ಹಾಕಿಕೊಂಡು ವಾ‌ಚ್‌ಮನ್ನನ ಹೆಂಡತಿಯ ಜೊತೆ ಹರಟುತ್ತ ನಿಂತಿದ್ದಳು.

"ಏನಕ್ಕ ಇದು! ಅಲ್ಲೇ ಕೂತಿರು ಅಂದಿದ್ನಲ್ಲ?"

"ಕೂತದ್ದು ಸಾಕಾಯ್ತು ಕಣೆ," ಅಂದಳು ಅಕ್ಕ. "ಈ ಟೊಮೇಟೊ ನೋಡು, ಎಷ್ಟು ಹೇಳ್ತಾನೆ ಇವನು! ನಾನು ಚೌಕಾಸಿ ಮಾಡಿ ಬರ್ತೀನಿ. ನೀನು ಹೋಗು, ನಿನ್ನ ಕೆಲಸ ನೋಡ್ಕೋ."

ಕಾಜಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಬಿಸಿ ರಸ್ತೆಯ ಮೇಲೆ ಬರಿಗಾಲಲ್ಲಿ ಮೆಲ್ಲಗೆ ಒಬ್ಬಳೇ ಮನೆಯ ಕಡೆ ನಡೆದಳು.